ಕೇಬಲ್ ಬಿಗಿ ಮಾಡೋದು ರಿಪೇರಿ ಅಲ್ಲ ರೀ



ಈ ವಾರ ಗೋವಿನಜೋಳದ ಲದ್ದಿ ಹುಳುವಿನ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದನ್ನ ಮುಂದಿನ ವಾರಕ್ಕೆ ಇಟ್ಟೀನಿ. ಇವತ್ತು ಕಾರಿನ ಕ್ಲಚ್ ಬಗ್ಗೆ ಬರೀಬೇಕಾಗೇತಿ. "ಹೊಲದ ಪೇಜಿನ್ಯಾಗ ಕಾರ್ ಯಾಕೋ ತಮ್ಮಾ" ಅಂತ ಕೇಳೋರು ಪೂರ್ತಿ ಓದಿ ಆಮೇಲೆ ಬೈರಿ. ಬರಹ ಉದ್ದ ಐತಿ, ಸ್ವಲ್ಪ ಕಟುವಾಗಿಯೂ ಐತಿ. ಮೊದಲ ಬೈಗಳ ನನಗೇ ಬೈಕೊಂಡು ಶುರು ಮಾಡ್ತೀನಿ.

ನನ್ನ ಹತ್ರ ಇರೋದು ಹಳೇ ಆಲ್ಟೊ. ಧಾರವಾಡದಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು, ನಂಬರ್ ಇನ್ನೂ ಕೆಎ-25 ಅಂತಾನೇ ಐತಿ. ಹೋದ ಮಳೆಗಾಲ, ಶ್ರಾವಣದ ಒಂದು ರಾತ್ರಿ, ಹತ್ತೂವರೆ ಸುಮಾರು. ಗೋವಿನಜೋಳ ತೆನಿ ಕಟ್ಟಿತ್ತು, ಕಾಡುಹಂದಿ ಕಾಟ. ಪಕ್ಕದ ಹೊಲದ ಹಿರಿಯರು, ನಾವೆಲ್ಲ ಕಾಕಾ ಅಂತೀವಿ, ಹಂದಿ ಓಡಸಾಕ ಅಟ್ಟದಿಂದ ಇಳದು ಹೋದವರು ಬದುವಿನ ಮ್ಯಾಲೆ ಹಾವಿನ ಮ್ಯಾಲೆ ಕಾಲಿಟ್ರು. ಕೂಗಿದ್ದು ಕೇಳಿ ಓಡಿ ಹೋದ್ವಿ. ಕಾಲು ಆಗಲೇ ಬಾತಿತ್ತು. 108ಕ್ಕೆ ಫೋನ್ ಹಚ್ಚಾಕ ನಮ್ಮ ಗದ್ದೆ ಹತ್ರ ಸಿಗ್ನಲ್ ಇಲ್ಲ, ಅದು ನಿಮಗೂ ಗೊತ್ತೈತಿ. ಕಾಕಾನ್ನ ಹಿಂದಿನ ಸೀಟಿನ್ಯಾಗ ಮಲಗಿಸಿ, ಅವರ ಮಗ, ಅಳಿಯ, ಇನ್ನೊಬ್ಬ ಹುಡುಗ, ನಾನು, ಒಟ್ಟು ಐದು ಮಂದಿ ಹೊಂಟ್ವಿ. ಕುಳಗಿಯಿಂದ ದಾಂಡೇಲಿ ಅಂದ್ರ 12 ಕಿಲೋಮೀಟರ್ ಆಸುಪಾಸು. ಕಾಡಿನ ರಸ್ತೆ ಆದ್ರೂ ಬ್ಯಾರೆ ದಿನ ಇಪ್ಪತ್ತು ನಿಮಿಷದ ಹಾದಿ.

ಮೊದಲನೇ ಏರಿಗೇ ಗಾಡಿ ಕೈ ಕೊಟ್ಟಿತು. ಎಕ್ಸಿಲೇಟರ್ ಒತ್ತಿದ್ರ ಎಂಜಿನ್ ಹುಲಿ ಗರ್ಜಿಸಿದಂಗ ಗರ್ಜಿಸ್ತದ, ಗಾಡಿ ಮಾತ್ರ ಎಮ್ಮಿ ನಡದಂಗ ನಡೀತದ. ಕೆಳಗಿಂದ ಸುಟ್ಟ ವಾಸನೆ. ಮೂರಕ್ಕ ಹಾಕಿದೆ, ಎರಡಕ್ಕ ಇಳಿಸಿದೆ, ಒಂದಕ್ಕ ಇಳಿಸಿದೆ. ಏರಿನ ಅರ್ಧಕ್ಕ ನಿಂತೇ ಹೋತು. ಹುಲಿ ಸಂರಕ್ಷಿತ ಕಾಡಿನ ನಡುವೆ, ಜಿಟಿಜಿಟಿ ಮಳಿಯೊಳಗ, ಅಳಿಯನ್ನೂ ಆ ಹುಡುಗನ್ನೂ ಕೆಳಗಿಳಿಸಿದೆ. ಅವರು ಹಿಂದಿಂದ ನೂಕಿದ್ರು. ಏರು ದಾಟಿತು, ಆದ್ರ ಅವರನ್ನ ಮತ್ತ ಹತ್ತಿಸ್ಕೊಳ್ಳಾಕ ನನಗ ಧೈರ್ಯ ಬರಲಿಲ್ಲ. ಕತ್ತಲೊಳಗ ಇಬ್ಬರನ್ನೂ ಬಿಟ್ಟು ಮುಂದ ಹೋದೆ. ಎರಡನೇ ಏರಿಗೆ ಅದೂ ಆಗಲಿಲ್ಲ. ದೇವರು ಕಳಿಸಿದಂಗ ಹಿಂದಿಂದ ಒಂದು ಟೆಂಪೋ ಬಂತು. ಕಾಕಾನ್ನ, ಅವರ ಮಗನ್ನ ಅದರೊಳಗ ಹಾಕಿ ಕಳಿಸಿದ್ವಿ. ಆಸ್ಪತ್ರಿಯೊಳಗ ಔಷಧ ಸಿಕ್ಕಿತು, ಕಾಕಾ ಬದುಕಿದ್ರು. ಈಗಲೂ ಸ್ವಲ್ಪ ಕುಂಟ್ತಾರ. ನನ್ನ ಕಂಡಾಗೊಮ್ಮೆ ನಗ್ತಾರ, ಏನೂ ಅನ್ನಂಗಿಲ್ಲ. ಆ ನಗು ನನಗ ಸಹಿಸಾಕ ಆಗಂಗಿಲ್ಲ.

ಯಾಕಂದ್ರ ಆ ಕ್ಲಚ್ ಅವತ್ತೇ ಹೋಗಿದ್ದಲ್ಲ. ಎರಡು ತಿಂಗಳಿಂದ ನನಗ ಹೇಳ್ತಾನೇ ಇತ್ತು. ನಾನು ಕೇಳಿಸ್ಕೊಳ್ಳಲಿಲ್ಲ. "ಇನ್ನೂ ನಡೀತೈತಿ" ಅಂದೆ.

ನನ್ನ ಸಿಟ್ಟು ಇರೋದು ಈ ಎರಡು ಶಬ್ದದ ಮ್ಯಾಲೆ. ಇನ್ನೂ ನಡೀತೈತಿ. ನಮ್ಮ ತಾಲೂಕಿನ್ಯಾಗ ಇದರಷ್ಟು ದುಬಾರಿ ಶಬ್ದ ಬ್ಯಾರೆ ಇಲ್ಲ. ಎತ್ತಿನ ಹೆಗಲ ಮ್ಯಾಲೆ ನೊಗ ಉಜ್ಜಿ ಸ್ವಲ್ಪ ಗಾಯ ಆದ್ರ ಅವತ್ತೇ ಬಿಚ್ಚಿ ಅರಿಷಿಣ ಎಣ್ಣಿ ಹಚ್ಚೋ ಜನ ನಾವು. ಎತ್ತು ಕುಂಟಿದ್ರ ಬಿತ್ತನಿ ನಿಂತರೂ ಚಿಂತಿಲ್ಲ ಅಂತ ಹೂಡಂಗಿಲ್ಲ. ಕಾರ್ ವಿಷಯಕ್ಕ ಬಂದ್ರ ಮಹಾನವಮಿಗೆ ಚಕ್ರದ ಕೆಳಗ ನಿಂಬೆಹಣ್ಣು ಇಟ್ಟು ತುಳಸ್ತೀವಿ, ಹಾರ ಹಾಕ್ತೀವಿ. ಬಾನೆಟ್ ಎತ್ತಿ ಒಂದು ಕೇಬಲ್ ನೋಡಂಗಿಲ್ಲ.

"ಕಾರ್ ಅಂದ್ರ ಶೋಕಿ, ಕೆಟ್ಟರ ಬಸ್ಸಿಗೆ ಹೋದ್ರಾತು" ಅನ್ನೋರಿಗೆ ಒಂದು ಮಾತು. ಮಾರುತಿ 800 ಬಂದಿದ್ದು 1983ರ ಕೊನೆಗೆ, ತಯಾರಿಕೆ ನಿಂತಿದ್ದು 2014ಕ್ಕ. ಓಮ್ನಿ 1984ಕ್ಕ ಬಂದು 2019ಕ್ಕ ನಿಂತಿತು. ಕಂಪನಿ ನಿಲ್ಲಿಸಿದ್ರೂ ಹಳಿಯಾಳ, ಮುಂಡಗೋಡ ಸಂತಿ ದಿನ ಹೋಗಿ ನೋಡ್ರಿ, ಎಷ್ಟು ನಿಂತಿರ್ತಾವ. ಜೋಯಿಡಾ ಕಡೆ ಕಾಡಿನೊಳಗಿನ ಊರಿಗೆ ರಾತ್ರಿ ಬಸ್ ಎಲ್ಲಿಂದ ಬರಬೇಕ್ರೀ? ನಮ್ಮಲ್ಲಿ ಈ ಸಣ್ಣ ಕಾರೇ ಹೆರಿಗಿ ಗಾಡಿ, ಇದೇ ಹಾವು ಕಚ್ಚಿದಾಗಿನ ಗಾಡಿ. ಶೋಕಿ ಆಗಿದ್ರ ನಾನೂ ಸುಮ್ನಿರ್ತಿದ್ದೆ.

ಈಗ ಕೇಬಲ್ ವಿಷಯಕ್ಕ ಬರ್ತೀನಿ. ನಾನು ಮಾಡಿದ ದೊಡ್ಡ ತಪ್ಪು ಅದೇ, ನೀವೂ ಬಹಳ ಮಂದಿ ಮಾಡ್ತೀರಿ.

ಜ್ಯೇಷ್ಠದ ಹೊತ್ತಿಗೆ ನನ್ನ ಗಾಡಿ ಕ್ಲಚ್ ಬಹಳ ಮ್ಯಾಲೆ ಹಿಡಿಯಾಕ ಹತ್ತಿತ್ತು. ಅಂದ್ರ ಪೆಡಲ್ ಪೂರ್ತಿ ಮ್ಯಾಲೆ ಬಂದ ಮ್ಯಾಲೆ ಗಾಡಿ ಹೊರಡೋದು. ನಾನು ಏನು ಮಾಡಿದೆ? ಪಾನಾ ತಗೊಂಡು ಕೇಬಲ್ ಎರಡು ಸುತ್ತು ಬಿಗಿ ಮಾಡಿದೆ. ಗೇರ್ ಹಗುರ ಬಿತ್ತು, ಖುಷಿ ಆತು. ಹದಿನೈದು ದಿನಕ್ಕ ಮತ್ತ ಹಂಗೇ ಆತು, ಮತ್ತ ಬಿಗಿ ಮಾಡಿದೆ. ಊರಿನ್ಯಾಗ ಇಬ್ಬರು "ಹಂಗೇ ಮಾಡಬೇಕು ನೋಡು" ಅಂತ ಬೆನ್ನು ತಟ್ಟಿದ್ರು.

ಇದು ಪೂರಾ ತಲೆಕೆಳಗು. ಯಾಕಂತ ತಿಳ್ಕೊಳ್ಳಾಕ ಕ್ಲಚ್ ಒಳಗ ಏನೈತಿ ಅಂತ ನೋಡಬೇಕು. ಎಂಜಿನ್ ಹಿಂದ ಒಂದು ಭಾರದ ಕಬ್ಬಿಣದ ಗಾಲಿ, ಅದು ಫ್ಲೈವೀಲ್. ಅದಕ್ಕ ಬೋಲ್ಟ್ ಹಾಕಿದ ಪ್ರೆಶರ್ ಪ್ಲೇಟ್, ಅದರೊಳಗ ಬೆರಳು ಬೆರಳಿನಂಗ ಇರೋ ಸ್ಪ್ರಿಂಗ್. ಇವೆರಡರ ನಡುವೆ ಕ್ಲಚ್ ಪ್ಲೇಟ್, ಎರಡೂ ಮೈಗೆ ಲೈನಿಂಗ್ ಹಾಕಿ ರಿವೆಟ್ ಹೊಡದಿರ್ತಾರ. ಈ ಪ್ಲೇಟಿನ ನಡುವಿನ ತೂತಿನ್ಯಾಗ ಗೇರ್ ಬಾಕ್ಸಿನ ಶಾಫ್ಟ್ ಕೂಡ್ತದ. ನೀವು ಪೆಡಲ್ ಮುಟ್ಟದೇ ಇದ್ದಾಗ ಸ್ಪ್ರಿಂಗ್ ಪ್ಲೇಟನ್ನ ಫ್ಲೈವೀಲಿಗೆ ಒತ್ತಿ ಹಿಡೀತದ. ಎಂಜಿನ್ನಿನ ಬಲ ಗೇರ್ ಬಾಕ್ಸಿಗೆ ಹೋಗ್ತದ. ಪೆಡಲ್ ಒತ್ತಿದ್ರ ಕೇಬಲ್ ಎಳದು, ರಿಲೀಸ್ ಬೇರಿಂಗ್ ಸ್ಪ್ರಿಂಗಿನ ಬೆರಳು ಒತ್ತಿ, ಹಿಡಿತ ಬಿಡಸ್ತದ. ಇಷ್ಟೇ.

ಈಗ ಪ್ಲೇಟ್ ಸವೀತು ಅನ್ರಿ. ಪ್ಲೇಟ್ ತೆಳ್ಳಗ ಆದಂಗ ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆ ಸರೀತದ, ಸ್ಪ್ರಿಂಗಿನ ಬೆರಳು ಬೇರಿಂಗ್ ಕಡೆ ಹೊರಗ ಬರ್ತಾವ. ಅಂದ್ರ ಬೇರಿಂಗಿಗೂ ಬೆರಳಿಗೂ ನಡುವೆ ಇದ್ದ ಸಡಿಲು ಕಡಿಮಿ ಆಗ್ತದ. ಕೇಬಲ್ ತಾನೇ ಬಿಗಿ ಆದಂಗ. ಅದಕ್ಕೇ ಕ್ಲಚ್ ಮ್ಯಾಲೆ ಹಿಡಿಯೋದು. ಆವಾಗ ಕೇಬಲ್ ಸಡಿಲ ಬಿಡಬೇಕು. ನಾವು ಇನ್ನೂ ಬಿಗಿ ಮಾಡ್ತೀವಿ. ಬಿಗಿ ಮಾಡಿದ್ರ ಏನಾಗ್ತದ? ನೀವು ಕಾಲು ತೆಗದ್ರೂ ಕೇಬಲ್ ಸ್ವಲ್ಪ ಎಳದೇ ಇರ್ತದ, ಸ್ಪ್ರಿಂಗ್ ಪೂರ್ತಿ ಒತ್ತಂಗಿಲ್ಲ, ಪ್ಲೇಟ್ ಜಾರಿ ಬಿಸಿ ಆಗಿ ಇನ್ನೂ ಜಲ್ದಿ ಸವೀತದ. ಬೇರಿಂಗ್ ಹಗಲೂ ರಾತ್ರಿ ತಿರುಗಿ ಅದೂ ಹಾಳು. ಗೇರ್ ಹಗುರ ಬೀಳೋದು ಹಿಡಿತ ಬಿಟ್ಟೇ ಇರ್ತದ ಅನ್ನೋದಕ್ಕ. ಜ್ವರ ಬಂದವಗ ಕಂಬಳಿ ಹೊಚ್ಚಿ ಬೆಚ್ಚಗಾತು ಅಂದಂಗ ಇದು.

ಕೇಬಲ್ ಬಿಗಿ ಮಾಡೋದು ತಪ್ಪೇ ಅಂತಲ್ಲ. ಅದು ಬ್ಯಾರೆ ರೋಗಕ್ಕ ಔಷಧ. ಕ್ಲಚ್ ಪೂರ್ತಿ ಒತ್ತಿದ್ರೂ ರಿವರ್ಸ್ ಹಾಕುವಾಗ ಕರ್ರ್ ಅಂದ್ರ, ಎಂಜಿನ್ ಬಂದ್ ಮಾಡಿದ್ರ ಗೇರ್ ಸಲೀಸು ಬಿದ್ದು ಚಾಲೂ ಇದ್ದಾಗ ಬೀಳದಿದ್ರ, ಕ್ಲಚ್ ನೆಲದ ಹತ್ರ ಹಿಡಿಯಾಕ ಹತ್ತಿದ್ರ, ಆವಾಗ ಹಿಡಿತ ಪೂರಾ ಬಿಡವಲ್ದು ಅಂತ ಅರ್ಥ. ಕೇಬಲ್ ಉದ್ದಾಗಿರಬಹುದು, ಎಳಿ ಹರೀತಿರಬಹುದು. ನಮ್ಮ ಮಳಿಗೆ ಕೇಬಲ್ ಒಳಗ ತುಕ್ಕು ಹಿಡದು ಪೆಡಲ್ ಭಾರ ಆಗೋದೂ ಇದ್ದದ್ದೇ. ಅಲ್ಲಿ ಕೇಬಲ್ ನೋಡ್ರಿ, ಸರಿ ಮಾಡ್ರಿ, ಹಳೇದಾಗಿದ್ರ ಬದಲಿಸ್ರಿ. ಒಂದು ಎಳಿ ಹರದಿದ್ದು ಕಂಡ್ರೂ ಬದಲಿಸ್ರಿ, ಉಳಿದ ಎಳಿ ಕಾಡಿನ ನಡುವೇ ಹರಿಯೋದು. ಜಾರೋ ರೋಗಕ್ಕೂ ಬಿಡದ ರೋಗಕ್ಕೂ ಒಂದೇ ಪಾನಾ ತಿರುವೋದು ಮಾತ್ರ ಬ್ಯಾಡ. ಹೊಸ ಗಾಡಿಗಳ ಪೈಕಿ ಕೆಲವಕ್ಕ ಕೇಬಲ್ ಇರಂಗಿಲ್ಲ, ಎಣ್ಣಿ ಒತ್ತಡದ ಮ್ಯಾಲೆ ಕ್ಲಚ್ ನಡೀತದ. ಅಲ್ಲಿ ಎಣ್ಣಿ ಸೋರಿಕಿ ನೋಡಬೇಕು.

ಇನ್ನು ಎರಡನೇ ಸಿಟ್ಟು. "ನಮಗ್ಯಾಕ ಇದೆಲ್ಲ, ಗ್ಯಾರೇಜಿನವರು ನೋಡ್ಕೋತಾರ."

ನೋಡ್ಕೋತಾರ ನಿಜ. ನನಗೂ ನೋಡ್ಕೊಂಡ್ರು. ಆ ರಾತ್ರಿಗೆ ಒಂದು ತಿಂಗಳ ಮೊದಲು, ಪ್ಯಾಟಿಯ ಒಂದು ಗ್ಯಾರೇಜಿಗೆ ಹೋಗಿ "ಗಾಡಿ ಪಿಕಪ್ ಇಲ್ಲ" ಅಂದಿದ್ದೆ. ಪ್ಲಗ್ ಬದಲಿಸಿದ್ರು, ಪೆಟ್ರೋಲ್ ಫಿಲ್ಟರ್ ಬದಲಿಸಿದ್ರು, 900 ರೂಪಾಯಿ ತಗೊಂಡ್ರು. ಮತ್ತ ಹೋದಾಗ "ಎಂಜಿನ್ ರಿಂಗ್ ಹೋಗ್ಯಾವ, ಬಿಚ್ಚಬೇಕು, 18,000 ಆಗ್ತದ" ಅಂದ್ರು. ದುಡ್ಡಿರಲಿಲ್ಲ, ವಾಪಸ್ ಬಂದೆ. ಬಡತನ ಆವತ್ತು ನನಗ ಉಪಕಾರ ಮಾಡಿತು. ಅವರು ಮೋಸ ಮಾಡಿದ್ರು ಅಂತ ನಾ ಹೇಳಂಗಿಲ್ಲ. "ಪಿಕಪ್ ಇಲ್ಲ" ಅಂದವ ನಾನು. ಡಾಕ್ಟರ ಹತ್ರ ಹೋಗಿ "ಆರಾಮಿಲ್ಲ" ಅಂತಷ್ಟೇ ಹೇಳಿದ್ರ ಅವರಾದರೂ ಎಲ್ಲಿಂದ ಶುರು ಮಾಡಬೇಕು? ಬೆಳಿಗೆ ರೋಗ ಬಂದ್ರ ಎಲಿ ಹರಕೊಂಡು ಹೋಗಿ "ಚುಕ್ಕಿ ಕೆಳಗಿನ ಎಲಿಯಿಂದ ಶುರು ಆಗ್ಯಾವ" ಅಂತ ಹೇಳ್ತೀವಿ. ಗಾಡಿಗೂ ಅಷ್ಟು ಹೇಳಾಕ ಬರಬೇಕು.

ಅದಕ್ಕ ಐದು ಪರೀಕ್ಷೆ ಬರೀತೀನಿ. ಒಂದಕ್ಕೂ ದುಡ್ಡು ಬೇಕಿಲ್ಲ.

ಒಂದು. ಕಿವಿ ಪರೀಕ್ಷೆ. ಸಪಾಟು ರಸ್ತೆ, ಮುಂದ ಹಿಂದ ಗಾಡಿ ಇಲ್ಲದ ಕಡೆ, ನಾಲ್ಕನೇ ಗೇರಿನ್ಯಾಗ 40ರ ವೇಗಕ್ಕ ಬಂದು ಎಕ್ಸಿಲೇಟರ್ ಪೂರ್ತಿ ಒತ್ರಿ. ಎಂಜಿನ್ ದನಿ ಏರಿ ಗಾಡಿ ಓಟ ಏರದಿದ್ರ ಕ್ಲಚ್ ಜಾರ್ತೈತಿ. ದನಿಯೂ ಏರದೇ ಗಾಡಿ ಹಂಗೇ ಮುಕ್ಕರಿದ್ರ ಕ್ಲಚ್ ಅಲ್ಲ. ಪೆಟ್ರೋಲ್, ಗಾಳಿ, ಪ್ಲಗ್, ಇಲ್ಲಾ ಹಿಡಕೊಂಡ ಬ್ರೇಕ್ ನೋಡ್ರಿ. ಈ ಒಂದು ವ್ಯತ್ಯಾಸ ಗೊತ್ತಿದ್ದಿದ್ರ ನನ್ನ 900 ರೂಪಾಯಿ ಉಳೀತಿತ್ತು. ಸವೆತ ಮೊದಲು ಕಾಣೋದು ದೊಡ್ಡ ಗೇರಿನ್ಯಾಗ, ಭಾರ ಇದ್ದಾಗ, ಏರಿನ್ಯಾಗ. ಖಾಲಿ ಗಾಡಿ ಊರೊಳಗ ಓಡಿಸಿ "ಸರಿ ಐತಿ" ಅನಬ್ಯಾಡ್ರಿ.

ಎರಡು. ನಿಂತಲ್ಲಿ ಪರೀಕ್ಷೆ. ಸಪಾಟು ಜಾಗ, ಚಕ್ರಕ್ಕ ಕಲ್ಲು ಕೊಡ್ರಿ, ಹ್ಯಾಂಡ್ ಬ್ರೇಕ್ ಎಳೀರಿ, ಮುಂದ ಯಾರನ್ನೂ ನಿಲ್ಲಿಸಬ್ಯಾಡ್ರಿ. ಮೂರನೇ ಗೇರ್ ಹಾಕಿ, ಸ್ವಲ್ಪೇ ಎಕ್ಸಿಲೇಟರ್ ಕೊಟ್ಟು ಕ್ಲಚ್ ನಿಧಾನ ಬಿಡ್ರಿ. ಎಂಜಿನ್ ಧಡಕ್ಕಂತ ಬಂದ್ ಆಗಬೇಕು. ಬಂದ್ ಆಗದೇ ಆರಾಮ ತಿರಗ್ತಾ ಇದ್ರ ಪ್ಲೇಟಿನ ಆಯುಷ್ಯ ಮುಗೀತು. ಇದನ್ನ ಒಂದೇ ಸಲ ಮಾಡ್ರಿ. ಮಕ್ಕಳಿಗೆ ತೋರಸಾಕ ಹತ್ತು ಸಲ ಮಾಡಿದ್ರ ಉಳಿದ ಪ್ಲೇಟೂ ಸುಡ್ತದ.

ಮೂರು. ಬೆರಳ ಪರೀಕ್ಷೆ. ಕ್ಲಚ್ ಪೆಡಲ್ ಕೈಲೆ ಒತ್ರಿ. ಮೊದಲು ಸ್ವಲ್ಪ ದೂರ ಹಗುರ ಹೋಗಿ ಆಮೇಲೆ ಬಿಗಿ ಹತ್ತಬೇಕು. ಆ ಹಗುರದ ಅಳತಿ ಎಷ್ಟಿರಬೇಕಂತ ಗಾಡಿಯ ಪುಸ್ತಕದಾಗ ಇರ್ತದ. ಮೊದಲಿಂದಲೇ ಬಿಗಿ ಇದ್ರ ಸಡಿಲು ಇಲ್ಲ ಅಂತ. ಮೊದಲು ಕೇಬಲ್ ನಟ್ ಸಡಿಲ ಬಿಟ್ಟು ನೋಡ್ರಿ. ಕೆಲವೊಮ್ಮೆ ಜಾರೋದು ಅಲ್ಲಿಗೇ ನಿಲ್ತದ, ಪ್ಲೇಟ್ ಇನ್ನೂ ಉಳದಿರ್ತದ. ಸಡಿಲ ಬಿಟ್ಟ ಮ್ಯಾಲೂ ಜಾರಿದ್ರ ಮಾತ್ರ ಗೇರ್ ಬಾಕ್ಸ್ ಇಳಿಸೋ ಮಾತು.

ನಾಲ್ಕು. ಸಪ್ಪಳದ ಪರೀಕ್ಷೆ. ಗಾಡಿ ನ್ಯೂಟ್ರಲ್, ಎಂಜಿನ್ ಚಾಲೂ. ಪೆಡಲ್ ಒತ್ತಿದಾಗ ಕಿರ್ ಅಂತ ಸಪ್ಪಳ ಬಂದು ಬಿಟ್ಟಾಗ ಹೋದ್ರ ರಿಲೀಸ್ ಬೇರಿಂಗ್. ಬಿಟ್ಟಾಗ ಇದ್ದ ಸಪ್ಪಳ ಒತ್ತಿದಾಗ ಹೋದ್ರ ಗೇರ್ ಬಾಕ್ಸ್ ಶಾಫ್ಟಿನ ಬೇರಿಂಗ್ ಕಡೆ ನೋಡಬೇಕು. ಎರಡೂ ಒಂದೇ ಅಂತ ತಿಳ್ಕೊಂಡ್ರ ಖರ್ಚು ತಪ್ಪು ಜಾಗಕ್ಕ ಹೋಗ್ತದ.

ಐದು. ನಡುಗು, ಎಣ್ಣಿ, ವಾಸನೆ. ಹೊರಡುವಾಗ ಗಾಡಿ ಗಡಗಡ ನಡುಗಿದ್ರ ಪ್ಲೇಟಿಗೆ ಎಣ್ಣಿ ಹತ್ತಿರಬಹುದು, ಇಲ್ಲಾ ಫ್ಲೈವೀಲ್ ಮೈ ಸುಟ್ಟಿರಬಹುದು, ಎಂಜಿನ್ ಕೂಡ್ರೋ ರಬ್ಬರ್ ಸಡಿಲಾಗಿಯೂ ಹಂಗ ಆಗ್ತದ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ಕೂಡೋ ಜಾಗದ ಕೆಳಗ ಎಣ್ಣಿ ಹನಿ ಐತೇನು ನೋಡ್ರಿ. ಎಣ್ಣಿ ಸೀಲ್ ಸೋರಿ ಪ್ಲೇಟ್ ಜಾರ್ತಿದ್ರ ಬರೇ ಪ್ಲೇಟ್ ಹಾಕಿ ಉಪಯೋಗ ಇಲ್ಲ, ಹೊಸ ಪ್ಲೇಟೂ ಅದೇ ಎಣ್ಣಿ ಕುಡೀತದ.

ಆ ರಾತ್ರಿ ಆದ ಮ್ಯಾಲೆ ಗಾಡಿ ಎಳಸ್ಕೊಂಡು ದಾಂಡೇಲಿಯ ಒಬ್ಬ ಹಿರಿಯ ಮಿಸ್ತ್ರಿ ಹತ್ರ ಒಯ್ದೆ. ಎಲ್ಲರೂ ಚಾಚಾ ಅಂತೀವಿ. ಗಾಡಿ ಮುಟ್ಟಿ, ಮೂಸಿ ನೋಡಿ ಅಂದ್ರು, "ಗೌಡ್ರ, ಇದು ಸತ್ತು ಎರಡು ತಿಂಗಳಾತು. ನೀವು ಹೆಣ ಓಡಿಸೀರಿ." ನಾನು ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ. ನೀವೂ ಕೂಡ್ರಿ. ಗ್ಯಾರೇಜಿನ್ಯಾಗ ಗಾಡಿ ಬಿಟ್ಟು ಸಂತಿಗೆ ಹೋಗಬ್ಯಾಡ್ರಿ.

ಮೊದಲು ಬ್ಯಾಟರಿ ವೈರ್ ತೆಗದ್ರು. ಗೇರ್ ಆಯಿಲ್ ಇಳಿಸಿದ್ರು. ಕ್ಲಚ್ ಕೇಬಲ್, ಗೇರ್ ರಾಡ್, ಮೀಟರ್ ಕೇಬಲ್, ಸ್ಟಾರ್ಟರ್ ಮೋಟಾರ್ ಒಂದೊಂದೇ ಬಿಚ್ಚಿದ್ರು. ಆಲ್ಟೊ ಮುಂದಿನ ಚಕ್ರಕ್ಕ ಬಲ ಹೋಗೋ ಗಾಡಿ, ಅದಕ್ಕ ಎರಡೂ ಕಡೆ ಶಾಫ್ಟ್ ಎಳೀಬೇಕು. ಓಮ್ನಿಗೆ ಹಿಂದಿನ ಚಕ್ರ ತಿರಗೋದು, ಅಲ್ಲಿ ಹಿಂದಕ್ಕ ಹೋಗೋ ಉದ್ದನ ಶಾಫ್ಟ್ ಬಿಚ್ಚಬೇಕು, ಕೆಲಸದ ರೀತಿ ಬ್ಯಾರೆ. ಎಂಜಿನ್ನಿಗೆ ಕೆಳಗ ಆಸರೆ ಕೊಟ್ಟು, ಗೇರ್ ಬಾಕ್ಸ್ ಬೋಲ್ಟ್ ತೆಗದು ಹಿಂದ ಜರುಗಿಸಿ ಇಳಿಸಿದ್ರು. ಮನಿಯೊಳಗೇ ಮಾಡ್ತೀನಿ ಅನ್ನೋ ಹುಡುಗರಿಗೆ ಒಂದು ಎಚ್ಚರಿಕೆ. ಗೇರ್ ಬಾಕ್ಸ್ ಭಾರ ಇರ್ತದ. ಬರೇ ಜಾಕ್ ಮ್ಯಾಲೆ ನಿಂತ ಗಾಡಿ ಕೆಳಗ ಹೋಗಬ್ಯಾಡ್ರಿ. ಸ್ಟ್ಯಾಂಡ್ ಇಲ್ಲದಿದ್ರ ಆ ಕೆಲಸಕ್ಕ ಕೈ ಹಚ್ಚಬ್ಯಾಡ್ರಿ. ರೋಗ ಗುರುತು ಹಿಡಿಯೋದು ನಮ್ಮ ಕೆಲಸ, ಆಪರೇಷನ್ ಬಲ್ಲವರದು.

ಪ್ಲೇಟ್ ಹೊರಗ ಬಂತು. ಲೈನಿಂಗ್ ಎಲ್ಲಿ ಐತಿ ಅಂತ ಹುಡುಕಬೇಕು, ಅಷ್ಟು ಸವದಿತ್ತು. ರಿವೆಟ್ ತಲಿ ಲೈನಿಂಗಿನ ಮೈಗಿಂತ ಒಳಗ ಇರಬೇಕು. ಆ ಆಳ 0.5 ಮಿಲಿಮೀಟರ್ ಹತ್ರ ಬಂತಂದ್ರ ಪ್ಲೇಟ್ ತೆಗೀಬೇಕು. ನನ್ನದು ರಿವೆಟ್ಟೇ ಮ್ಯಾಲೆ ಬಂದು ಫ್ಲೈವೀಲಿಗೆ ಗೀರು ಹಾಕಾಕ ಶುರು ಮಾಡಿತ್ತು. ಇನ್ನೊಂದು ವಾರ ಓಡಿಸಿದ್ರ ಫ್ಲೈವೀಲ್ ಲೇತಿಗೆ ಹೋಗಬೇಕಿತ್ತು. ಇನ್ನೂ ಬಿಟ್ರ ಹೊಸದೇ ತರಬೇಕಿತ್ತು. ಅಲ್ಲೇ ಇದ್ದ ಹುಡುಗ ಧೂಳು ಊದಾಕ ಏರ್ ಪೈಪ್ ಹಿಡದ. ಚಾಚಾ ಅವನ ಕೈ ತಡದು ಹಸಿ ಬಟ್ಟಿ ಕೊಟ್ರು. ಹಳೇ ಕಾಲದ ಲೈನಿಂಗಿನ್ಯಾಗ ಆಸ್ಬೆಸ್ಟಾಸ್ ಇರ್ತಿತ್ತು, ಆ ಧೂಳು ಎದಿಗೆ ಹೋದ್ರ ವಾಪಸ್ ಬರಂಗಿಲ್ಲ. ಯಾವ ಪ್ಲೇಟಿನ್ಯಾಗ ಏನೈತಿ ಅಂತ ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ಯಾವುದನ್ನೂ ಊದಬ್ಯಾಡ್ರಿ.

ಈಗ ಮೂರನೇ ಸಿಟ್ಟು. "ಬರೇ ಪ್ಲೇಟ್ ಹಾಕ್ರಿ ಚಾಚಾ, ಉಳಿದದ್ದು ಚಲೋ ಐತಿ."

ಈ ಮಾತು ನನ್ನ ಬಾಯಾಗೂ ಬಂದಿತ್ತು. ಚಾಚಾ ನನಗ ಲೆಕ್ಕ ಹಾಕಿ ತೋರಿಸಿದ್ರು, ನಾನು ನಿಮಗ ತೋರಿಸ್ತೀನಿ. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಮೂರೂ ಸೇರಿ ಸೆಟ್ 3,400. ಕೇಬಲ್ 350. ಗೇರ್ ಆಯಿಲ್ 600. ಮಜೂರಿ 1,800. ಒಟ್ಟು 6,150. ಬರೇ ಪ್ಲೇಟ್ ತಂದ್ರ 1,300, ಅಂದ್ರ ಉಳಿಯೋದು 2,100. ಸರಿ. ಆದ್ರ ಸುಟ್ಟ ಪ್ಲೇಟಿನ ಜೋಡಿ ಸುಟ್ಟಿದ್ದು ಪ್ರೆಶರ್ ಪ್ಲೇಟೂ ಹೌದು. ಅದರ ಸ್ಪ್ರಿಂಗ್ ಬಿಸಿಗೆ ಸೋತಿರ್ತದ. ಬೇರಿಂಗ್ ತಿರುಗಿ ತಿರುಗಿ ಒಣಗಿರ್ತದ. ಅವೆರಡರೊಳಗ ಒಂದು ಆರು ತಿಂಗಳಿಗೆ ಹೋದ್ರ ಗೇರ್ ಬಾಕ್ಸ್ ಮತ್ತ ಇಳೀಬೇಕು. ಮಜೂರಿ 1,800, ಆಯಿಲ್ 600, ಬರೇ ಬಿಚ್ಚಿ ಜೋಡಸಾಕೇ 2,400. ಸಾಮಾನಿನ ರೊಕ್ಕ ಬ್ಯಾರೆ. ಉಳಿಸಿದ್ದು 2,100, ಕಳಕೊಂಡಿದ್ದು ಅದಕ್ಕಿಂತ ಹೆಚ್ಚು. ನಡುವೆ ಒಂದು ರಾತ್ರಿ ಯಾರಿಗಾದರೂ ಹಾವು ಕಚ್ಚಿದ್ರ ಅದರ ಲೆಕ್ಕ ಯಾವ ಚೀಟಿಯೊಳಗ ಬರೀಬೇಕು?

"ನೀ ಹೇಳೋದು ದುಡ್ಡಿದ್ದವರ ಮಾತು" ಅಂತ ಕೆಲವರು ಅಂತೀರಿ. ಇಲ್ಲ. ದುಡ್ಡಿದ್ದವರು ಎರಡು ಸಲ ರಿಪೇರಿ ಮಾಡಿಸಬಹುದು. ನಮಗ ಒಂದೇ ಸಲ ಸಾಧ್ಯ, ಅದಕ್ಕ ಆ ಒಂದು ಸಲ ಸರಿಯಾಗಿ ಆಗಬೇಕು. ಅಷ್ಟೇ ಅಲ್ಲ, ಆ 6,150 ನಾನು ಬಿತ್ತನಿ ಮುಗಿಸಿ ಕೈ ಖಾಲಿ ಇದ್ದಾಗ ಸಾಲ ಮಾಡಿ ಕೊಟ್ಟೆ. ಬ್ಯಾಸಗಿಯೊಳಗ ನೋಡಿದ್ರ ಮಾಲು ಮಾರಿದ ರೊಕ್ಕ ಕೈಯಾಗಿತ್ತು.

ಜೋಡಿಸುವಾಗ ನೀವು ಕಣ್ಣಿಡಬೇಕಾದ್ದು ಇಷ್ಟು. ಹಳೇ ಪ್ಲೇಟೂ ಹೊಸ ಪ್ಲೇಟೂ ಬಾಜೂಕ ಇಟ್ಟು ಅಳತಿ ಒಂದೇ ಐತೇನು ನೋಡ್ರಿ, ಶಾಫ್ಟಿನ ಹಲ್ಲಿಗೆ ಹೊಸದು ಸಲೀಸು ಜಾರ್ತದೇನು ನೋಡ್ರಿ. ಪ್ಲೇಟಿಗೆ ಎರಡು ಮುಖ ಇರ್ತಾವ, ಫ್ಲೈವೀಲ್ ಕಡೆ ಯಾವುದಂತ ಗುರುತು ಇರ್ತದ, ತಿರುವಿ ಹಾಕಿದ್ರ ಎಲ್ಲಾ ಮತ್ತ ಬಿಚ್ಚಬೇಕು. ಲೈನಿಂಗಿಗೆ ಗ್ರೀಸ್ ಕೈ ತಾಗಬಾರದು. ಶಾಫ್ಟಿನ ಹಲ್ಲಿಗೆ ತೆಳ್ಳಗ ಸವರಿದ್ರ ಸಾಕು. ಪ್ಲೇಟ್ ನಡುಮಧ್ಯೆ ಕೂಡಬೇಕು, ಚಾಚಾ ಹಳೇ ಗೇರ್ ಶಾಫ್ಟಿನ ತುಂಡು ಹಾಕಿ ಕೂಡಿಸಿದ್ರು. ಪ್ರೆಶರ್ ಪ್ಲೇಟ್ ಬೋಲ್ಟ್ ಒಂದನ್ನ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಅಲ್ಲ, ಎದುರು ಬದುರು ಸ್ವಲ್ಪ ಸ್ವಲ್ಪ ಬಿಗೀಬೇಕು. ಬಿಚ್ಚಿದಾಗಲೇ ಎಂಜಿನ್ ಹಿಂದಿನ ಎಣ್ಣಿ ಸೀಲ್, ಶಾಫ್ಟಿನ ಸೀಲ್ ನೋಡಿಸ್ರಿ. ಕೊನೆಗೆ ಹಳೇ ಸಾಮಾನು ಕೇಳಿ ಮನಿಗೆ ತರ್ರಿ. ಅನುಮಾನಕ್ಕ ಅಲ್ಲ, ಮಕ್ಕಳಿಗೆ ತೋರಸಾಕ. ನನ್ನ ಹಳೇ ಪ್ಲೇಟ್ ಈಗಲೂ ದನದ ಕೊಟ್ಟಿಗಿ ಮೊಳಿಗೆ ಜೋತು ಬಿದ್ದೈತಿ.

ಇನ್ನು ಕಡೇ ಸಿಟ್ಟು, ಓಡಿಸೋ ರೀತಿ ಮ್ಯಾಲೆ. ಕ್ಲಚ್ ತಾನಾಗಿ ಸವಿಯೋದಕ್ಕಿಂತ ನಾವು ಸವಸೋದು ಹೆಚ್ಚು. ಯೂರಿಯಾ ಚೀಲ ಈಗ 45 ಕೆಜಿ. ಆಲ್ಟೊ ಸೀಟ್ ಮಡಚಿ ಏಳು ಚೀಲ ಹಾಕಿದ್ರ 315 ಕೆಜಿ. ಮುಂದ ಅಪ್ಪ ಮಗ ಇಬ್ಬರು, ಇನ್ನೊಂದು 130. ಅಲ್ಲಿಗೆ 445 ಆತು. ಐದು ಮಂದಿ ಕೂಡ್ರಾಕ ಮಾಡಿದ ಗಾಡಿಗೆ ಏಳು ಮಂದಿ ಭಾರ ಹೇರಿ, ಕೆಸರಿನ ಗದ್ದಿ ದಾರಿಯೊಳಗ ಹಾಫ್ ಕ್ಲಚ್ ಮ್ಯಾಲೆ ಎಬ್ಬಸ್ತೀವಿ. ನಾನೂ ಮಾಡೀನಿ. ಆಮೇಲೆ ಕಂಪನಿ ಬೈತೀವಿ. ಅಣಶಿ ಘಟ್ಟದಾಗ, ಅರಬೈಲ್ ಘಟ್ಟದಾಗ ಮುಂದ ಲಾರಿ ನಿಂತ್ರ ಹ್ಯಾಂಡ್ ಬ್ರೇಕ್ ಎಳೀರಿ. ಕ್ಲಚ್ ಮ್ಯಾಲೆ ಗಾಡಿ ತೂಗಾಡಿಸಿ ನಿಲ್ಲಿಸೋದು ಚಾಲಾಕಿತನ ಅಲ್ಲ, ಲೈನಿಂಗ್ ಸುಡೋದು. ಓಡಿಸುವಾಗ ಎಡಗಾಲು ಪೆಡಲ್ ಮ್ಯಾಲೆ ಇಡೋ ಚಟ ಬಿಡ್ರಿ, ಕಾಲಿನ ಭಾರವೇ ಹಿಡಿತ ಬಿಡಸ್ತದ. ಹೊಸ ಪ್ಲೇಟ್ ಹಾಕಿದ ಮೊದಲ ಕೆಲವು ದಿನ ಭಾರ ಹೇರಬ್ಯಾಡ್ರಿ, ಮೆತ್ತಗ ಓಡಿಸಿದ್ರ ಎರಡೂ ಮೈ ಚಂದ ಕೂಡ್ತಾವ.

ನಾನು ಕೇಳೋದು ಒಂದೇ. ಕಾರ ಹುಣ್ಣಿಮಿಗೆ ಎತ್ತು ಮೈ ತೊಳೀತೀವಿ, ಕೊಂಬಿಗೆ ಬಣ್ಣ ಹಚ್ತೀವಿ, ಮಳೆಗಾಲದ ದುಡಿಮಿಗೆ ಅದು ಗಟ್ಟಿ ಐತೇನು ಅಂತ ಕಾಲು, ಹೆಗಲು ಮುಟ್ಟಿ ನೋಡ್ತೀವಿ. ಅವತ್ತೇ ಮಧ್ಯಾಹ್ನ ಹತ್ತು ನಿಮಿಷ ಕಾರಿಗೂ ಕೊಡ್ರಿ. ಐದು ಪರೀಕ್ಷೆ ಮಾಡ್ರಿ. ಜಾರಿದ್ರ ಮಳಿ ಹಿಡಿಯೋದರೊಳಗ ಸೆಟ್ ಹಾಕಿಸ್ರಿ. ನಿಮ್ಮದು ಚಲೋ ಐತಂದ್ರ ಪಕ್ಕದ ಮನಿಯವರದು ನೋಡ್ರಿ, ಯಾಕಂದ್ರ ಆ ರಾತ್ರಿ ನಿಮ್ಮನ್ನ ಒಯ್ಯೋದು ಅವರ ಗಾಡಿ ಆಗಿರಬಹುದು.

ಕಾಕಾನ ಮಗ ಮೊನ್ನೆ ಹಳೇ ಓಮ್ನಿ ತಂದಾನ. ತಂದ ದಿನವೇ ನನ್ನ ಹತ್ರ ಬಂದು "ಅಣ್ಣಾ, ನಿಂತಲ್ಲಿ ಪರೀಕ್ಷೆ ಮಾಡಿ ತೋರಸು" ಅಂದ. ಚಕ್ರಕ್ಕ ಕಲ್ಲು ಕೊಟ್ಟು, ಮೂರನೇ ಗೇರ್ ಹಾಕಿ ಕ್ಲಚ್ ಬಿಟ್ಟೆ. ಧಡಕ್ಕಂತ ಬಂದ್ ಆತು. ಕಟ್ಟಿ ಮ್ಯಾಲೆ ಕೂತಿದ್ದ ಕಾಕಾ ಜೋರಾಗಿ ನಕ್ರು.

ಮುಂದಿನ ವಾರ ಲದ್ದಿ ಹುಳು.